ಅಚ್ಚಿನ ತಪ್ಪಲ್ಲ, ಅವನು ರಾಜಕುಮಾರನೇ

ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ: "ಹೋದ ಸಂಚಿಕೆಯಲ್ಲಿ ವಿಕ್ಟೋರಿಯಾ ರಾಣಿಯ ಸಂಸಾರದ ಚಿತ್ರ ಹಾಕಿದ್ದೀರಿ. ಫ್ರಾಕ್ ತೊಟ್ಟ ಪುಟ್ಟ ಹುಡುಗಿಯ ಕೆಳಗೆ 'ರಾಜಕುಮಾರ ಆಲ್ಫ್ರೆಡ್' ಎಂದಿದೆ. ಅಚ್ಚಿನ ತಪ್ಪೋ? ಇಲ್ಲಾ ನಮ್ಮಲ್ಲಿ ಗಂಡುಮಗುವಿಗೆ ಲಂಗ ತೊಡಿಸಿ, ಹೂ ಮುಡಿಸಿ ಫೋಟೋ ತೆಗೆಸ್ತಾರಲ್ಲ, ಹಾಗೇನಾದರೂ ತಮಾಷೆಯೋ?"

ತಪ್ಪಲ್ಲ ರಾಯರೇ. (ಇಂಥ ಪತ್ರ ಬಂದಾಗ ಸಾಮಾನ್ಯವಾಗಿ ತಪ್ಪು ನಮ್ಮದೇ ಇರುತ್ತದೆ, ಈ ಸಲ ಬಚಾವಾದೆವು!) ವಿಂಟರ್‌ಹಾಲ್ಟರ್ ಆ ಚಿತ್ರ ಬರೆದದ್ದು 1846ರಲ್ಲಿ. ಆಲ್ಫ್ರೆಡ್‌ಗೆ ಆಗ ಎರಡು ವರ್ಷ. ತಮಾಷೆಯೂ ಅಲ್ಲ, ಅದು ಅವನ ದಿನನಿತ್ಯದ ಉಡುಪು. ಆಗಿನ ಇಂಗ್ಲೆಂಡಿನಲ್ಲಿ ಗಂಡುಮಕ್ಕಳು ಸಾಮಾನ್ಯವಾಗಿ ನಾಲ್ಕೈದು ವರ್ಷದವರೆಗೂ ಲಂಗದಲ್ಲೇ ಇರುತ್ತಿದ್ದರು.

ಯಾಕೆ? ಮುಖ್ಯ ಕಾರಣ ಉಚ್ಚೆ! ಆಗ ಜಿಪ್ ಇರಲಿಲ್ಲ. ಚಡ್ಡಿಗೆ ಸಾಲು ಸಾಲು ಗುಂಡಿ, ಕೆಲವು ಬಗೆಯಲ್ಲಂತೂ ಅದನ್ನು ಮೇಲಂಗಿಗೇ ಗುಂಡಿ ಹಾಕಿ ಸೇರಿಸುತ್ತಿದ್ದರು. ಮೂರು ವರ್ಷದ ಹುಡುಗ ಅವಸರದಲ್ಲಿ ಅದನ್ನೆಲ್ಲ ಬಿಚ್ಚುವ ಹೊತ್ತಿಗೆ ಕೆಲಸ ಆಗಿಹೋಗಿರುತ್ತಿತ್ತು. ಲಂಗವಾದರೆ ಎತ್ತಿದರಾಯಿತು. ಬಟ್ಟೆ ಒಗೆಯುವವರ ಕಷ್ಟವೂ ಸ್ವಲ್ಪ ಕಡಿಮೆ. ಜೊತೆಗೆ, ಮಗು ಬೆಳೆದಂತೆ ಅಂಚಿನ ಮಡಿಕೆ ಬಿಚ್ಚಿ ಉದ್ದ ಮಾಡಬಹುದು. ಅಕ್ಕನ ಫ್ರಾಕು ತಮ್ಮನಿಗೂ ಆಗುತ್ತಿತ್ತು.

ನಮ್ಮ ಕಣ್ಣಿಗೆ ಅದು ಹುಡುಗಿಯ ಬಟ್ಟೆ. ಅವರಿಗೆ ಅದು ಸುಮ್ನೆ ಮಗುವಿನ ಬಟ್ಟೆ. ಹಾಗಂತ ಗುರುತೇ ಸಿಗದಷ್ಟು ಒಂದೇ ಥರವೂ ಇರಲಿಲ್ಲ. ಹಳೆಯ ಫೋಟೋ ಸಿಕ್ಕರೆ ತಲೆ ನೋಡಿ: ಬೈತಲೆ ನಡುವೆ ಇದ್ದರೆ ಹೆಚ್ಚಾಗಿ ಹುಡುಗಿ, ಪಕ್ಕದಲ್ಲಿದ್ದರೆ ಹುಡುಗ. ಕೈಯಲ್ಲಿ ಚಾಟಿಯೋ ಡೋಲೋ ಇದ್ದರೆ ಅನುಮಾನ ಇನ್ನೂ ಕಡಿಮೆ. ಬಣ್ಣ ಮಾತ್ರ ನಂಬಬೇಡಿ. ಗುಲಾಬಿ ಹುಡುಗಿಗೆ, ನೀಲಿ ಹುಡುಗನಿಗೆ ಎಂಬ ಕಟ್ಟುಪಾಡು ಆಗಿನ್ನೂ ಗಟ್ಟಿಯಾಗಿರಲಿಲ್ಲ. ಕುದಿಸಿ ಒಗೆಯಬಹುದೆಂದು ಬಿಳಿಯೇ ಜಾಸ್ತಿ.

ಮೊದಲ ಸಲ ಚಡ್ಡಿ ಹಾಕುವ ದಿನಕ್ಕೆ 'ಬ್ರೀಚಿಂಗ್' ಎಂದು ಹೆಸರು. ಮನೆಯಲ್ಲಿ ಅದೊಂದು ಸಣ್ಣ ಹಬ್ಬವೇ. ಹುಡುಗ ಹೊಸ ಬಟ್ಟೆ ತೋರಿಸುತ್ತ ನೆಂಟರ ಮನೆ ಸುತ್ತುತ್ತಿದ್ದ, ಅವರು ಹೊಸ ಜೇಬಿಗೆ ಕಾಸು ಹಾಕುತ್ತಿದ್ದರು. ಅಮ್ಮಂದಿರಿಗೆ ಮಾತ್ರ ಕಣ್ಣಲ್ಲಿ ನೀರು, ಮಗು ಕೈತಪ್ಪಿತಲ್ಲ ಅಂತ. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಈ ಪದ್ಧತಿ ಹೆಚ್ಚುಕಡಿಮೆ ಮರೆಯಾಯಿತು.

ಅಂದ ಹಾಗೆ, ನಿಮ್ಮ 'ಪುಟ್ಟ ಹುಡುಗಿ' ದೊಡ್ಡವನಾಗಿ ನೌಕಾಪಡೆ ಸೇರಿದ. 1893ರಲ್ಲಿ ಅಡ್ಮಿರಲ್ ಆಫ್ ದಿ ಫ್ಲೀಟ್, ಅಂದರೆ ನೌಕಾಪಡೆಯ ಅತಿ ದೊಡ್ಡ ದರ್ಜೆಯ ಅಧಿಕಾರಿ, ಆದ.

— ಸಂಪಾದಕ