ಇಂಕ್‌ಸ್ಕೇಪ್‌ನಲ್ಲಿ ಅಲೈನ್ ಮಾಡಿದರೂ ಫೋಟೊಗಳು ಏರುಪೇರಾಗಿ ಕಾಣುವುದೇಕೆ?

ಶಾಲೆಯ ಫಲಕಕ್ಕಾಗಿ ಶಿಕ್ಷಕರ ಐದು ಫೋಟೊಗಳನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ರಚಿಸುವ ತಂತ್ರಾಂಶದಲ್ಲಿ ಒಂದು ಸಾಲಿಗೆ ತರಲು ಹೊರಟಿದ್ದೀರಿ. ಅಲೈನ್ ಗುಂಡಿ ಒತ್ತಿದರೆ ಒಮ್ಮೆ ಎಲ್ಲವೂ ಪುಟದ ಅಂಚಿಗೆ ಹೋಗಿ ಕೂರುತ್ತವೆ, ಇನ್ನೊಮ್ಮೆ ಸಾಲಿಗೆ ಬಂದರೂ ಮುಖಗಳು ಮೇಲೆ ಕೆಳಗೆ ಕಾಣುತ್ತವೆ ಎಂದು ಕೇಳಿದ್ದೀರಿ. ಇವು ಎರಡು ಬೇರೆ ಬೇರೆ ತೊಂದರೆಗಳು.

ಮೊದಲನೆಯದು ಸುಲಭ. ಶಿಫ್ಟ್, ಕಂಟ್ರೋಲ್, ಎ ಮೂರನ್ನೂ ಒಟ್ಟಿಗೆ ಒತ್ತಿದರೆ ತೆರೆಯುವ ಅಲೈನ್ ಕಿಟಕಿಯಲ್ಲಿ ‘ರಿಲೇಟಿವ್ ಟು’ ಎಂಬ ಆಯ್ಕೆ ಇದೆ. ಅಲ್ಲಿ ‘ಪೇಜ್’ ಎಂದಿದ್ದರೆ ಚಿತ್ರಗಳು ಪುಟದ ಅಂಚನ್ನೇ ಹಿಡಿಯುತ್ತವೆ. ಅದನ್ನು ‘ಲಾಸ್ಟ್ ಸೆಲೆಕ್ಟೆಡ್’ ಎಂದು ಬದಲಿಸಿ, ಶಿಫ್ಟ್ ಹಿಡಿದು ಒಂದೊಂದೇ ಫೋಟೊ ಆರಿಸುತ್ತಾ, ಸರಿಯಾದ ಜಾಗದಲ್ಲಿರುವುದನ್ನು ಕೊನೆಗೆ ಆರಿಸಿ. ಅದು ಕದಲುವುದಿಲ್ಲ, ಉಳಿದವು ಅದರ ಸಾಲಿಗೆ ಬರುತ್ತವೆ.

ಎರಡನೆಯದೇ ನಿಜವಾದ ತೊಂದರೆ. ತಂತ್ರಾಂಶಕ್ಕೆ ಮುಖ ಕಾಣುವುದಿಲ್ಲ, ಫೋಟೊದ ಸುತ್ತಲಿನ ಆಯತ ಮಾತ್ರ ಕಾಣುತ್ತದೆ. ಹಿನ್ನೆಲೆ ಅಳಿಸಿದ ಪಿಎನ್‌ಜಿ ಕಡತವನ್ನು ಒಮ್ಮೆ ಕ್ಲಿಕ್ ಮಾಡಿ ನೋಡಿ: ಚುಕ್ಕಿಗೆರೆಯ ಚೌಕಟ್ಟು ತಲೆಗಿಂತ ಎಷ್ಟೋ ಮೇಲೆ ನಿಂತಿರುತ್ತದೆ. ನಡುವಿನ ಜಾಗ ನಮಗೆ ಖಾಲಿ, ಇಂಕ್‌ಸ್ಕೇಪ್‌ಗೆ ಅದೂ ಚಿತ್ರವೇ. ಫೋಟೊಗೆ ಮಸುಕಾದ ನೆರಳು ಹಾಕಿದರೂ ಚೌಕಟ್ಟು ಹಿಗ್ಗುತ್ತದೆ. ಖಾಲಿ ಅಂಚು ಮಾತ್ರ ತೆಗೆಯಬೇಕಿದ್ದರೆ ಜಿಂಪ್ ಎಂಬ ಫೋಟೊ ತಿದ್ದುವ ತಂತ್ರಾಂಶದ ‘ಕ್ರಾಪ್ ಟು ಕಂಟೆಂಟ್’ ಸಾಕು. ಆದರೆ ಭಾವಚಿತ್ರಗಳಿಗೆ ಅಷ್ಟರಿಂದ ಕೆಲಸ ಮುಗಿಯುವುದಿಲ್ಲ. ಒಬ್ಬರನ್ನು ಹತ್ತಿರದಿಂದ ತೆಗೆದಿರುತ್ತಾರೆ, ಇನ್ನೊಬ್ಬರನ್ನು ದೂರದಿಂದ.

ಹಾಗಾಗಿ ನಾನು ಫೋಟೊಗಳನ್ನು ಅಲೈನ್ ಮಾಡುವುದೇ ಇಲ್ಲ, ನಾನೇ ಬರೆದ ಆಯತಗಳನ್ನು ಅಲೈನ್ ಮಾಡುತ್ತೇನೆ. 40 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ಒಂದು ಆಯತ ಬರೆಯಿರಿ. ಒಳಗೆ ಬಣ್ಣ ಬೇಡ, ಗೆರೆ ಮಾತ್ರ ಇರಲಿ. ಕಂಟ್ರೋಲ್ ಮತ್ತು ಡಿ ಒತ್ತಿ ಐದು ಮಾಡಿಕೊಳ್ಳಿ, ಅವನ್ನು ಸಾಲಾಗಿ ಸಮಾನ ಅಂತರದಲ್ಲಿಡಿ. ಮೇಲಿನ ಅಳತೆಪಟ್ಟಿಯಿಂದ ಒಂದು ಮಾರ್ಗದರ್ಶಿ ಗೆರೆಯನ್ನು ಎಳೆದು ಆಯತದ ಮೇಲಿನ ಮೂರನೇ ಒಂದು ಭಾಗದ ಹತ್ತಿರ ನಿಲ್ಲಿಸಿ. ಈಗ ಪ್ರತಿ ಫೋಟೊವನ್ನೂ ಅದರ ಆಯತದ ಅಡಿಗೆ ತಂದು, ಕಂಟ್ರೋಲ್ ಹಿಡಿದು ಮೂಲೆಯಿಂದ ಎಳೆದು ಮುಖಗಳ ಗಾತ್ರ ಒಂದೇ ಮಾಡಿ, ಕಣ್ಣುಗಳು ಆ ಗೆರೆಯ ಮೇಲೆ ಬರುವಂತೆ ಸರಿಸಿ. ಕಂಟ್ರೋಲ್ ಬಿಟ್ಟು ಎಳೆದರೆ ಮುಖ ಉದ್ದವೋ ಅಗಲವೋ ಆಗಿಬಿಡುತ್ತದೆ, ಗೌರವಕ್ಕೆಂದು ಮಾಡುವ ಫಲಕದಲ್ಲಿ ಅದು ಸಲ್ಲದು. ಕೊನೆಗೆ ಒಂದು ಫೋಟೊ, ಅದರ ಮೇಲಿನ ಆಯತ, ಎರಡನ್ನೂ ಆರಿಸಿ ಆಬ್ಜೆಕ್ಟ್ ಮೆನುವಿನಲ್ಲಿ ಕ್ಲಿಪ್ ಮಾಡಿ, ಆಯತದ ಹೊರಗಿನ ಭಾಗ ಮರೆಯಾಗುತ್ತದೆ. ಆಯತ ಫೋಟೊಗಿಂತ ಮೇಲಿರಲೇಬೇಕು; ಇಲ್ಲದಿದ್ದರೆ ಅದನ್ನು ಆರಿಸಿ ಹೋಮ್ ಕೀಲಿ ಒತ್ತಿ. ಐದಕ್ಕೂ ಹೀಗೆಯೇ, ಬೇರೆ ಬೇರೆಯಾಗಿ.

ಕಣ್ಣುಗಳು ಒಂದೇ ಎತ್ತರಕ್ಕೆ ಬಂದರೆ ಒಬ್ಬರ ಕೂದಲು ತುಸು ಮೇಲಿದ್ದರೂ, ಇನ್ನೊಬ್ಬರ ಭುಜ ಕತ್ತರಿಸಿ ಹೋಗಿದ್ದರೂ ನೋಡುವವರಿಗೆ ಏನೂ ಅನ್ನಿಸುವುದಿಲ್ಲ. ನೋಟ ಮೊದಲು ಹೋಗುವುದೇ ಕಣ್ಣುಗಳ ಕಡೆಗೆ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು, ಕನ್ನಡದಲ್ಲಿ ಫಲಕ ಮಾಡುವವರಿಗೆ ಇದು ಖಂಡಿತ ಎದುರಾಗುತ್ತದೆ. ಫೋಟೊಗಳ ಕೆಳಗೆ ಹೆಸರು ಬರೆದು, ಅವನ್ನು ಕೆಳ ಅಂಚಿಗೆ ಅಲೈನ್ ಮಾಡಿದರೆ ‘ಕೃಷ್ಣಪ್ಪ’ ಮೇಲಕ್ಕೆ ಜಿಗಿದಂತೆ, ‘ರಮಾ’ ಕೆಳಗೆ ಇಳಿದಂತೆ ಕಾಣುತ್ತದೆ. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಮೊದಲ ಹೆಸರಿನ ಚೌಕಟ್ಟು ದೊಡ್ಡದು, ಎರಡನೆಯದರಲ್ಲಿ ಒತ್ತೇ ಇಲ್ಲ. ಅದೇ ಅಲೈನ್ ಕಿಟಕಿಯಲ್ಲಿ ಪಠ್ಯದ ಬೇಸ್‌ಲೈನ್‌ಗೆ ಹೊಂದಿಸುವ ಗುಂಡಿ ಬೇರೆಯೇ ಇದೆ. ಹೆಸರುಗಳಿಗೆ ಅದನ್ನೇ ಬಳಸಿ. ಅಕ್ಷರಗಳ ಮೈ ಒಂದೇ ಗೆರೆಯಲ್ಲಿ ಕೂರುತ್ತದೆ, ಒತ್ತುಗಳು ತಮ್ಮ ಪಾಡಿಗೆ ಕೆಳಗಿರುತ್ತವೆ.