ಏಡಿ ಎಣಿಸುವವಳಿಗೆ ಕಂಪ್ಯೂಟರ್ ಎಷ್ಟು ಬೇಕು?

ಓದುಗರ ಪತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರ. ನಾನು ಡೊಂಬಿವಲಿಯ ಹೋಟೆಲೊಂದರಲ್ಲಿ ಗಲ್ಲಾ ಮೇಲೆ ಕೂರುವವನು. ಊರು ಕುಂದಾಪುರದ ಕಡೆ. ಮಗಳು ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಾಳೆ, ಠಾಣೆ ಖಾಡಿಯ (ಸಮುದ್ರದ ನೀರು ಒಳಗೆ ಬರುವ ಕಿರುಕೊಲ್ಲಿಯ) ಏಡಿಗಳ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಅವಳ ಗೆಳತಿಯರು ಕಂಪ್ಯೂಟರಿನಲ್ಲಿ ಅಂಕಿಅಂಶ ವಿಶ್ಲೇಷಿಸಲು ಕಲಿಸುವ ‘ಡೇಟಾ ಸೈನ್ಸ್’ ಕ್ಲಾಸಿಗೆ ಸೇರಿದ್ದಾರೆ. ತಾನೂ ಸೇರಬೇಕು ಎನ್ನುತ್ತಾಳೆ. ಆರು ತಿಂಗಳಿಗೆ ಎಪ್ಪತ್ತು ಸಾವಿರ ರೂಪಾಯಿ. ಅವರ ಕರಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಏಡಿಗೂ ಕಂಪ್ಯೂಟರಿಗೂ ಏನು ಸಂಬಂಧ? ಗಣಿತದಲ್ಲಿ ಅವಳು ಅಷ್ಟಕ್ಕಷ್ಟೇ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದಿದೆ. ಸೊಸೈಟಿಯಲ್ಲಿ ಸಾಲ ತೆಗೆಯಲೇ? ಹೆಸರು ಪ್ರಕಟಿಸಬೇಡಿ.

ಸಂಪಾದಕರ ಉತ್ತರ

ಮಾನ್ಯರೇ,

ಈ ಕ್ಲಾಸಿಗಾಗಿ ಸಾಲ ಮಾಡಬೇಡಿ. ಆದರೆ ಮಗಳು ಕೇಳುತ್ತಿರುವ ವಿದ್ಯೆ ಅವಳಿಗೆ ಖಂಡಿತ ಬೇಕು. ಈ ಎರಡು ಮಾತುಗಳ ನಡುವೆ ಹೇಳಬೇಕಾದದ್ದು ಬಹಳವಿದೆ. ಇಂಥದೇ ಪ್ರಶ್ನೆ ಮುಂಬೈ, ಪುಣೆಯ ನಮ್ಮ ಅನೇಕ ಮನೆಗಳಲ್ಲಿ ಇರುವುದರಿಂದ ವಿವರವಾಗಿಯೇ ಬರೆಯುತ್ತೇನೆ. ಓದಿ ಮಗಳಿಗೂ ಹೇಳಿ.

ನೀವು ಕಳುಹಿಸಿದ ಕರಪತ್ರವನ್ನು ಗಮನವಿಟ್ಟು ನೋಡಿದೆ. ಮೊದಲ ತಿಂಗಳಲ್ಲೇ ಮೆಷಿನ್ ಲರ್ನಿಂಗ್ (ದತ್ತಾಂಶದಿಂದ ಯಂತ್ರವೇ ಕಲಿಯುವಂತೆ ಮಾಡುವ ವಿದ್ಯೆ) ಆರಂಭವಾಗುತ್ತದೆ, ಕೊನೆಯ ತಿಂಗಳು ಸಂದರ್ಶನಕ್ಕೆ ತಯಾರಿ. ಬ್ಯಾಂಕಿನ ಗ್ರಾಹಕರು, ಅಂಗಡಿಯ ಮಾರಾಟ, ಷೇರು ಬೆಲೆ ಇವು ಉದಾಹರಣೆಗಳು. ಖಾಡಿಯ ದಂಡೆಯಲ್ಲಿ ನಿಂತು ತಾನು ಎಣಿಸಿದ್ದನ್ನು ಹೇಗೆ ಬರೆದಿಡಬೇಕು, ಬರೆದದ್ದರಲ್ಲಿ ತಪ್ಪು ಹೊಕ್ಕರೆ ಹೇಗೆ ಗೊತ್ತಾಗುತ್ತದೆ ಎಂಬ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ವಿಜ್ಞಾನದ ವಿದ್ಯಾರ್ಥಿಗೆ ಕಂಪ್ಯೂಟರ್ ವಿದ್ಯೆ ಆರಂಭವಾಗಬೇಕಾದದ್ದು ಅಲ್ಲಿಂದ.

ಏಡಿಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ಕೇಳಿದ್ದೀರಿ. ನಿಮ್ಮ ಮಗಳು 2024ರ ಜುಲೈ 5ರಂದು ಖಾಡಿಗೆ ಹೋದಳು ಎಂದುಕೊಳ್ಳಿ. ನೀರಿನ ಲವಣಾಂಶ ಅಳೆದು, ಗುರುತು ಹಾಕಿದ ಜಾಗದಲ್ಲಿ ಏಡಿ ಎಣಿಸಿ, ಮನೆಗೆ ಬಂದು ಎಕ್ಸೆಲ್ ಎಂಬ ಲೆಕ್ಕದ ಹಾಳೆಯ ತಂತ್ರಾಂಶದಲ್ಲಿ 5/7/2024 ಎಂದು ದಿನಾಂಕ ತುಂಬಿದಳು. ಆ ಲ್ಯಾಪ್‌ಟಾಪಿನಲ್ಲಿ ದಿನಾಂಕದ ಕ್ರಮ ಅಮೆರಿಕದ ರೀತಿ, ಅಂದರೆ ತಿಂಗಳು ಮೊದಲು ಎಂದು ಇದ್ದರೆ ಅದು ಮೇ 7 ಆಗುತ್ತದೆ. ಜುಲೈಯಲ್ಲಿ ಮಳೆನೀರು ಸೇರಿ ಖಾಡಿಯ ಉಪ್ಪು ಇಳಿದಿರುತ್ತದೆ, ಮೇ ತಿಂಗಳಲ್ಲಿ ಬಿಸಿಲಿಗೆ ಏರಿರುತ್ತದೆ. ಈಗ ಅವಳ ಗ್ರಾಫ್‌ನಲ್ಲಿ ನಡುಬೇಸಿಗೆಯಲ್ಲಿ ಉಪ್ಪು ತಟ್ಟನೆ ಕುಸಿದಂತೆ ಕಾಣುತ್ತದೆ. ಅವಳು ಅದಕ್ಕೊಂದು ಕಾರಣ ಹುಡುಕುತ್ತಾಳೆ, ಕಾರ್ಖಾನೆಯ ನೀರೋ ಇನ್ನೇನೋ ಎಂದು ಬರೆಯುತ್ತಾಳೆ. ಇನ್ನೂ ಕಷ್ಟದ ವಿಷಯವೆಂದರೆ 19/7/2024 ಎಂದು ತುಂಬಿದ್ದು ಹಾಗೆಯೇ ಉಳಿಯುತ್ತದೆ. ಹತ್ತೊಂಬತ್ತನೆಯ ತಿಂಗಳು ಇಲ್ಲವಾದ್ದರಿಂದ ಯಂತ್ರ ಅದನ್ನು ಬರಿಯ ಅಕ್ಷರವೆಂದು ಬಿಟ್ಟುಬಿಡುತ್ತದೆ. ಅರ್ಧ ದಿನಾಂಕಗಳು ತಿರುಗಿ, ಉಳಿದವು ಲೆಕ್ಕದಿಂದ ಹೊರಗೆ ಬೀಳುತ್ತವೆ, ಪರದೆಯ ಮೇಲೆ ಎಚ್ಚರಿಕೆ ಏನೂ ಬರುವುದಿಲ್ಲ. ಒಂದೇ ಸುಳಿವೆಂದರೆ, ದಿನಾಂಕ ಎಂದು ಒಪ್ಪಿಕೊಂಡದ್ದು ಸೆಲ್‌ನ (ಹಾಳೆಯ ಚೌಕದ) ಬಲಕ್ಕೆ, ಅಕ್ಷರವಾಗಿ ಉಳಿದದ್ದು ಎಡಕ್ಕೆ ಒರಗಿರುತ್ತದೆ. ಇದನ್ನು ಕಣ್ಣಿಟ್ಟು ನೋಡಲು ಕಲಿಸುವವರು ಬೇಕು. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ, 2024-07-05 ಎಂದು ಬರೆದರೆ ಯಾವ ದೇಶದ ಯಂತ್ರಕ್ಕೂ ಗೊಂದಲವಿಲ್ಲ.

ಇನ್ನೊಂದು ಉದಾಹರಣೆ. ನಾಲ್ಕು ಸಲ ಹೋದಾಗ ಏಡಿಗಳು 12, 8, 0 ಸಿಕ್ಕವು. ನಾಲ್ಕನೆಯ ಸಲ ಭರತದ ನೀರು ಏರಿ ಕೆಸರಿಗೆ ಇಳಿಯಲೇ ಆಗಲಿಲ್ಲ. ಆ ನಾಲ್ಕನೆಯ ಸೆಲ್‌ನಲ್ಲಿ ಏನು ಬರೆಯಬೇಕು? ಸೊನ್ನೆ ಹಾಕಿದರೆ ಸರಾಸರಿ 5, ಖಾಲಿ ಬಿಟ್ಟರೆ 6.67. ನೋಡಿದೆ, ಏಡಿ ಇರಲಿಲ್ಲ ಎನ್ನುವುದು ಒಂದು ಸಂಗತಿ. ನೋಡಲು ಆಗಲೇ ಇಲ್ಲ ಎನ್ನುವುದು ಬೇರೆಯೇ ಸಂಗತಿ. ಈ ವ್ಯತ್ಯಾಸ ಖಾಡಿಗೆ ಹೋದವಳಿಗೆ ಮಾತ್ರ ಗೊತ್ತು, ಅವಳೇ ಅದನ್ನು ಹಾಳೆಯಲ್ಲಿ ಉಳಿಸಬೇಕು. ‘12, ಎರಡು ಸತ್ತಿದ್ದವು’ ಎಂದು ಒಂದೇ ಸೆಲ್‌ನಲ್ಲಿ ತುರುಕಬಾರದು, ಸತ್ತದ್ದಕ್ಕೆ ಬೇರೆ ಕಾಲಂ ಇರಬೇಕು. ಅನುಮಾನವಿದ್ದ ಸಾಲಿಗೆ ಹಳದಿ ಬಣ್ಣ ಬಳಿದರೆ ಸಾಲದು, ಬಣ್ಣವನ್ನು ಲೆಕ್ಕದ ಸೂತ್ರ ಓದುವುದಿಲ್ಲ. ‘ಷರಾ’ ಎಂದು ಒಂದು ಕಾಲಂ ಮಾಡಿ ಅನುಮಾನ ಏಕೆಂದು ಬರೆಯಲಿ.

ನಮ್ಮ ಪತ್ರಿಕೆಯ ಚಂದಾದಾರರ ಪಟ್ಟಿಯಲ್ಲೂ ಇಂಥದೇ ನಡೆಯುತ್ತದೆ. 022 ಎಂದು ಆರಂಭವಾಗುವ ದೂರವಾಣಿ ಸಂಖ್ಯೆಯನ್ನು ಎಕ್ಸೆಲ್ ಸಂಖ್ಯೆಯೆಂದೇ ಭಾವಿಸಿ ಮುಂದಿನ ಸೊನ್ನೆಯನ್ನು ನುಂಗುತ್ತದೆ. 91 ಸೇರಿಸಿ ಬರೆದ ಹನ್ನೆರಡಂಕಿಯ ಮೊಬೈಲ್ ಸಂಖ್ಯೆ 9.19ಇ+11 ಎಂದು ಕಾಣುತ್ತದೆ. ಆ ಕಾಲಂ ಅಕ್ಷರದ್ದು ಎಂದು ಮೊದಲೇ ಹೇಳಿಟ್ಟರೆ ಈ ತೊಂದರೆ ಇಲ್ಲ.

ಇದೆಲ್ಲ ಹೊಸಬರ ತಪ್ಪು ಎಂದುಕೊಳ್ಳಬೇಡಿ. ಮನುಷ್ಯನ ಜೀನ್‌ಗಳಲ್ಲಿ ಕೆಲವಕ್ಕೆ ಮಾರ್ಚ್1, ಸೆಪ್ಟ್2 ಎಂಬಂಥ ಹೆಸರುಗಳಿದ್ದವು. ಎಕ್ಸೆಲ್ ಅವನ್ನು ಮಾರ್ಚ್ 1, ಸೆಪ್ಟೆಂಬರ್ 2 ಎಂಬ ದಿನಾಂಕಗಳಾಗಿ ಬದಲಿಸುತ್ತಿತ್ತು. 2004ರಲ್ಲೇ ವಿಜ್ಞಾನಿಗಳು ಇದನ್ನು ಎತ್ತಿ ತೋರಿಸಿದ್ದರು. 2016ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ಪ್ರಕಟಿತ ಪ್ರಬಂಧಗಳನ್ನು ಜಾಲಾಡಿದಾಗ, ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಲಗತ್ತಿಸಿದ ಪ್ರಬಂಧಗಳಲ್ಲಿ ಸುಮಾರು ಐದಕ್ಕೆ ಒಂದರಲ್ಲಿ ಈ ದೋಷ ಸಿಕ್ಕಿತು. ಕೊನೆಗೆ 2020ರಲ್ಲಿ ಜೀನ್‌ಗಳ ನಾಮಕರಣ ಸಮಿತಿ ಆ ಹೆಸರುಗಳನ್ನೇ ಬದಲಿಸಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಸುಮಾರು 16 ಸಾವಿರ ಕೊರೋನಾ ಪ್ರಕರಣಗಳು ಲೆಕ್ಕದಿಂದ ಬಿಟ್ಟುಹೋದವು. ಹಳೆಯ ಎಕ್ಸೆಲ್ ಮಾದರಿಯ ಹಾಳೆ 65,536 ಸಾಲುಗಳಿಗೆ ಮುಗಿಯುತ್ತಿತ್ತು, ಮಿಕ್ಕವು ಅದರೊಳಗೆ ಹಿಡಿಯಲಿಲ್ಲ. ಆ ರೋಗಿಗಳ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಇದರಿಂದ ತಡವಾಯಿತು.

ಹಾಗಾದರೆ ಅವಳು ಮೊದಲು ರೂಢಿಸಿಕೊಳ್ಳಬೇಕಾದದ್ದು ಏನು? ನಿಮ್ಮ ಕೆಲಸದಿಂದಲೇ ಹೇಳುತ್ತೇನೆ. ರಾತ್ರಿ ಗಲ್ಲಾ ಎಣಿಸಿದಾಗ ಹಣ ತಾಳೆಯಾಗದಿದ್ದರೆ ನೀವು ಬಿಲ್ ಪುಸ್ತಕವನ್ನು ತಿದ್ದುವುದಿಲ್ಲ. ಬಿಲ್ ಹಾಗೆಯೇ ಇರುತ್ತದೆ, ವ್ಯತ್ಯಾಸ ಎಲ್ಲಿ ಬಂತು ಎಂದು ಬೇರೆ ಹಾಳೆಯಲ್ಲಿ ಬರೆಯುತ್ತೀರಿ. ಖಾಡಿಯಿಂದ ತಂದ ಮೂಲ ದತ್ತಾಂಶವೂ ಹಾಗೆಯೇ ಇರಬೇಕು. ಒಂದು ಸಲ ತುಂಬಿದ ಮೇಲೆ ಆ ಫೈಲನ್ನು ಯಾರೂ ಮುಟ್ಟಬಾರದು. ತಿದ್ದುಪಡಿ, ಲೆಕ್ಕ, ಗ್ರಾಫ್ ಎಲ್ಲವೂ ಪ್ರತಿಯ ಮೇಲೆ ನಡೆಯಬೇಕು, ಏನೇನು ಮಾಡಿದೆ ಎಂಬುದು ಬರವಣಿಗೆಯಲ್ಲಿ ಇರಬೇಕು. ಅವಳ ಲ್ಯಾಪ್‌ಟಾಪಿನಲ್ಲಿ ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಎಂಬ ಫೈಲುಗಳಿದ್ದರೆ ಇವತ್ತೇ ಕೂತು ಸರಿಪಡಿಸಲಿ.

ಪ್ರೋಗ್ರಾಂ ಬರೆಯಲು ಬಳಸುವ ಪೈಥಾನ್ ಅಥವಾ ಆರ್ ಭಾಷೆಯ ನಿಜವಾದ ಉಪಯೋಗ ಇಲ್ಲಿ ಬರುತ್ತದೆ. ಎಕ್ಸೆಲ್‌ನಲ್ಲಿ ಮೌಸ್ ಹಿಡಿದು ವಿಂಗಡಿಸಿದ, ಅಳಿಸಿದ, ಅಂಟಿಸಿದ ಕೆಲಸಕ್ಕೆ ದಾಖಲೆ ಉಳಿಯುವುದಿಲ್ಲ. ಪ್ರೋಗ್ರಾಂ ಬರೆದರೆ ಪ್ರತಿ ಹೆಜ್ಜೆಯೂ ಸಾಲಾಗಿ ಕಾಣುತ್ತದೆ: ಈ ಫೈಲ್ ತೆರೆ, ಖಾಲಿ ಸೆಲ್‌ಗಳನ್ನು ಬಿಡು, ತಿಂಗಳುವಾರು ಗುಂಪು ಮಾಡು, ಗ್ರಾಫ್ ಬಿಡಿಸು. ಆರು ತಿಂಗಳ ನಂತರ ಪರೀಕ್ಷಕರು ‘ಈ ಸಂಖ್ಯೆ ಎಲ್ಲಿಂದ ಬಂತು?’ ಎಂದು ಕೇಳಿದರೆ ಅದನ್ನು ಮತ್ತೆ ಓಡಿಸಿ ತೋರಿಸಬಹುದು. ಇನ್ನೊಬ್ಬರ ಯಂತ್ರದಲ್ಲೂ ಅದೇ ಉತ್ತರ ಬರಬೇಕು. ಪ್ರಯೋಗಾಲಯದ ನೋಟುಪುಸ್ತಕದಲ್ಲಿ ಹೊಡೆದುಹಾಕಿದ ಸಂಖ್ಯೆಯೂ ಓದುವಂತಿರಬೇಕು ಎಂದು ಅವಳ ಗುರುಗಳು ಹೇಳಿಕೊಟ್ಟಿರುತ್ತಾರಲ್ಲ, ಅದೇ ಪ್ರಾಮಾಣಿಕತೆ ಇಲ್ಲೂ ಬೇಕು. ಇದನ್ನು ನಾನು ಬಹಳ ಮುಖ್ಯವೆಂದು ನಂಬುತ್ತೇನೆ.

ಗಣಿತದ ಚಿಂತೆ ಬಿಡಿ. ಆರಂಭಕ್ಕೆ ಹತ್ತನೆಯ ತರಗತಿಯ ಸರಾಸರಿ, ಮಧ್ಯಾಂಕ, ಶೇಕಡಾ ಲೆಕ್ಕ ಸಾಕು. ಅವನ್ನು ಯಾವಾಗ ನಂಬಬಾರದು ಎಂದು ತಿಳಿದಿರಬೇಕು, ಅಷ್ಟೇ. 2005ರ ಜುಲೈ 26 ನಿಮಗೆ ನೆನಪಿರಬೇಕು. ಅಂದು ಸಾಂತಾಕ್ರೂಜ್ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ನಗರದ ಕೊಲಾಬಾ ಕೇಂದ್ರದಲ್ಲಿ 73 ಮಿಲಿಮೀಟರ್. ಎರಡನ್ನೂ ಕೂಡಿಸಿ ಭಾಗಿಸಿದರೆ ಮುಂಬೈಯ ಸರಾಸರಿ ಮಳೆ ಸುಮಾರು 508 ಮಿಲಿಮೀಟರ್ ಎಂದು ಬರುತ್ತದೆ. ಲೆಕ್ಕ ಸರಿ, ಆದರೆ ಆ ಎರಡು ಕಡೆಗಳಲ್ಲಿ ಎಲ್ಲಿಯೂ ಅಷ್ಟು ಮಳೆ ಬೀಳಲಿಲ್ಲ. ಕುರ್ಲಾ, ಕಲೀನಾದಲ್ಲಿ ಕತ್ತಿನ ತನಕ ನೀರಿನಲ್ಲಿ ನಿಂತವರಿಗೂ ಕೊಲಾಬಾದಲ್ಲಿ ಕೊಡೆ ಹಿಡಿದು ಮನೆಗೆ ಹೋದವರಿಗೂ ಆ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಸರಾಸರಿ ತೆಗೆಯುವ ಮುಂಚೆ ಗ್ರಾಫ್ ಹಾಕಿ ನೋಡಬೇಕು. ಖಾಡಿಯ ಯಾವ ದಂಡೆ, ಯಾವ ತಿಂಗಳು, ಭರತವೋ ಇಳಿತವೋ ಎಂದು ಬೇರೆ ಬೇರೆ ಮಾಡಿ ನೋಡುವ ಅಭ್ಯಾಸ ಬಂದರೆ ಅವಳ ಪ್ರಾಣಿಶಾಸ್ತ್ರವೂ ಬೆಳೆಯುತ್ತದೆ.

ಕಲಿಯುವುದು ಎಲ್ಲಿ? ಪೊವಾಯಿಯ ಐಐಟಿ ಬಾಂಬೆ ರೂಪಿಸಿದ ‘ಸ್ಪೋಕನ್ ಟ್ಯುಟೋರಿಯಲ್’ ಎಂಬ ಯೋಜನೆ ಇದೆ. ಕೇಂದ್ರ ಸರ್ಕಾರದ ನೆರವಿನಿಂದ ತಯಾರಾದ ಅದರ ಪಾಠಗಳನ್ನು ಶುಲ್ಕವಿಲ್ಲದೆ ನೋಡಬಹುದು. ಸುಮಾರು ಹತ್ತು ನಿಮಿಷಗಳ ಪಾಠಗಳು, ಹಲವು ಪಾಠಗಳಿಗೆ ಕನ್ನಡದ ಧ್ವನಿಯೂ ಇದೆ. ಪರದೆಯ ಒಂದು ಬದಿಯಲ್ಲಿ ಪಾಠ, ಇನ್ನೊಂದು ಬದಿಯಲ್ಲಿ ತಾನೇ ಮಾಡುವುದು, ಇದು ಅವರ ಕ್ರಮ. ನಿಲ್ಲಿಸಿ, ಮಾಡಿ ನೋಡಿ, ಮುಂದೆ ಹೋಗಬಹುದು. ಎಕ್ಸೆಲ್‌ನಂಥದೇ ಹಾಳೆ ಇರುವ ಉಚಿತ ತಂತ್ರಾಂಶ ಲಿಬ್ರೆ ಆಫೀಸ್‌ನಿಂದ ಆರಂಭಿಸಿ ಆಮೇಲೆ ಪೈಥಾನ್ ಅಥವಾ ಆರ್ ಹಿಡಿಯಲಿ. ಎರಡರಲ್ಲಿ ಯಾವುದು ಎಂದು ತಲೆಕೆಡಿಸಿಕೊಳ್ಳುವುದು ಬೇಡ. ಅವಳ ಪ್ರಾಧ್ಯಾಪಕರಿಗೆ ಯಾವುದು ಬರುತ್ತದೋ ಅದು ಒಳ್ಳೆಯದು, ಏಕೆಂದರೆ ಸಿಕ್ಕಿಹಾಕಿಕೊಂಡಾಗ ಕೇಳಲು ಮನುಷ್ಯರು ಬೇಕು.

ಇಂಗ್ಲಿಷಿನಲ್ಲಿ ಓದಬಲ್ಲಳಾದ್ದರಿಂದ ಇನ್ನೊಂದನ್ನೂ ಹೇಳುತ್ತೇನೆ. 1998ರಲ್ಲಿ ಗ್ರೆಗ್ ವಿಲ್ಸನ್ ಮತ್ತು ಬ್ರೆಂಟ್ ಗೋರ್ಡಾ ವಿಜ್ಞಾನಿಗಳಿಗಾಗಿಯೇ ‘ಸಾಫ್ಟ್‌ವೇರ್ ಕಾರ್ಪೆಂಟ್ರಿ’ ಎಂಬ ಕಂಪ್ಯೂಟರ್ ತರಬೇತಿ ಆರಂಭಿಸಿದರು. ಅದರಿಂದ ಬೆಳೆದ ‘ಡೇಟಾ ಕಾರ್ಪೆಂಟ್ರಿ’ಯ ಪಾಠಗಳು ಉಚಿತ. ಅವರ ಕಾರ್ಯಾಗಾರ ಸಾಮಾನ್ಯವಾಗಿ ಎರಡು ದಿನಗಳದ್ದು, ಅಷ್ಟರಲ್ಲಿ ಬೇಕಾದ ಬುನಾದಿ ಸಿಗುತ್ತದೆ. ಪರಿಸರ ವಿಜ್ಞಾನದವರಿಗಾಗಿ ಇರುವ ಪಾಠಮಾಲೆಯಲ್ಲಿ ಸ್ಪ್ರೆಡ್‌ಶೀಟನ್ನು ಹೇಗೆ ತುಂಬಬೇಕು ಎಂಬುದೇ ಮೊದಲ ಪಾಠ. ಉದಾಹರಣೆಗೆ ತೆಗೆದುಕೊಂಡಿರುವುದು ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ 1977ರಿಂದ ಹಿಡಿದು, ತೂಗಿ, ಬಿಟ್ಟ ಇಲಿಗಳ ದಾಖಲೆ. ಏಡಿ ಎಣಿಸುವವಳಿಗೆ ಬ್ಯಾಂಕ್ ಗ್ರಾಹಕರಿಗಿಂತ ಈ ಇಲಿಗಳು ಹತ್ತಿರ.

ಹಳೆಯ ಲ್ಯಾಪ್‌ಟಾಪ್ ಸಾಕು. ಅದು ತೀರಾ ನಿಧಾನವಾದರೆ ಗೂಗಲ್ ಕೋಲ್ಯಾಬ್‌ನಲ್ಲಿ ಬ್ರೌಸರ್ ಮೂಲಕವೇ ಪೈಥಾನ್ ಓಡಿಸಬಹುದು, ಏನನ್ನೂ ಅಳವಡಿಸಬೇಕಿಲ್ಲ. ಮೊಬೈಲಿನಲ್ಲಿ ಪಾಠ ನೋಡಬಹುದು, ಅಭ್ಯಾಸ ಆಗದು.

ಈಗ ಎಐ ಎಲ್ಲವನ್ನೂ ಬರೆದುಕೊಡುತ್ತದೆಯಲ್ಲ, ಕಲಿಯುವುದೇಕೆ ಎಂದು ಗೆಳತಿಯರು ಕೇಳಬಹುದು. ಬರೆದುಕೊಡುತ್ತದೆ ನಿಜ. ಆದರೆ ನಾಲ್ಕನೆಯ ಸಲ ಭರತ ಏರಿತ್ತು ಎಂದು ಅದಕ್ಕೆ ಗೊತ್ತಿಲ್ಲ, ಖಾಲಿ ಸೆಲ್‌ಗೆ ಸೊನ್ನೆ ತುಂಬಿ ಚಂದದ ಗ್ರಾಫ್ ಕೊಟ್ಟುಬಿಡಬಹುದು. ಅದು ಬರೆದುಕೊಟ್ಟ ಪ್ರತಿ ಸಾಲನ್ನೂ ಓದಿ ಅರ್ಥಮಾಡಿಕೊಳ್ಳಬೇಕು, ಐದಾರು ಸಾಲುಗಳ ದತ್ತಾಂಶವನ್ನು ಕೈಯಲ್ಲಿ ಲೆಕ್ಕ ಹಾಕಿ ಅದರ ಉತ್ತರದ ಜೊತೆ ತಾಳೆ ನೋಡಬೇಕು. ಅಷ್ಟು ಕಲಿತವಳಿಗೆ ಎಐ ಒಳ್ಳೆಯ ಸಹಾಯಕ.

ಕೆಲಸದ ಬಗ್ಗೆ ನೀವು ಕೇಳಿಲ್ಲ, ಆದರೆ ಎಪ್ಪತ್ತು ಸಾವಿರದ ಹಿಂದೆ ಆ ಚಿಂತೆಯೇ ಇದೆ ಎಂದು ಬಲ್ಲೆ. ಗೋವಾದ ದೋನಾ ಪಾವುಲಾದಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಇದೆ, ಪುಣೆಯಲ್ಲಿ ಉಷ್ಣವಲಯದ ಹವಾಮಾನ ಸಂಸ್ಥೆ ಮತ್ತು ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಇವೆ. ಇಂಥ ಕಡೆ ಪ್ರಾಜೆಕ್ಟ್ ಸಹಾಯಕಿಯಾಗಿ ಅರ್ಜಿ ಹಾಕುವಾಗ ಕ್ಲಾಸಿನ ಪ್ರಮಾಣಪತ್ರಕ್ಕಿಂತ ಅವಳದೇ ಏಡಿಗಳ ದತ್ತಾಂಶ, ಅದನ್ನು ಶುದ್ಧ ಮಾಡಿದ ಪ್ರೋಗ್ರಾಂ ಮತ್ತು ಗ್ರಾಫ್ ಹೆಚ್ಚು ಮಾತನಾಡುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ. ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ. ಕ್ಲಾಸಿನವರೂ ಕೊಡಲಾರರು, ಕರಪತ್ರದ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ ನೋಡಿ.

ಈ ಭಾನುವಾರ ಅವಳು ತನ್ನ ನೋಟುಪುಸ್ತಕದಿಂದ ಹೊಸ ಹಾಳೆಯೊಂದನ್ನು ತುಂಬಲಿ. ಅವಳು ತುಂಬುವಾಗ ನೀವು ಪಕ್ಕದಲ್ಲಿ ಕೂತು ಸಂಖ್ಯೆಗಳನ್ನು ಗಟ್ಟಿಯಾಗಿ ಓದಿ, ತಾಳೆ ನೋಡುವುದರಲ್ಲಿ ನಿಮ್ಮಷ್ಟು ಅನುಭವ ಅವಳಿಗಿಲ್ಲ. ಗ್ರಾಫ್ ತಯಾರಾದರೆ ನಮ್ಮ ವಿಜ್ಞಾನ ಪುಟಕ್ಕೆ ಕಳುಹಿಸಲಿ. ಕನ್ನಡದಲ್ಲಿ ಬರೆಯುವುದು ಅವಳಿಗೆ ಕಷ್ಟವಾದರೆ ಅವಳು ಹೇಳಲಿ, ನೀವು ಬರೆಯಿರಿ. ಇಬ್ಬರ ಹೆಸರನ್ನೂ ಹಾಕಿ ಪ್ರಕಟಿಸುತ್ತೇವೆ, ಆಗ ಮಾತ್ರ ಹೆಸರು ಬೇಡ ಎನ್ನಬೇಡಿ.

ಸಂಪಾದಕ