ಮಾರ್ಚ್ ಬಂದರೆ ಪಂಪು ನೀರು ಯಾಕೆ ಎತ್ತುವುದಿಲ್ಲ?

ಪ್ರಶ್ನೆ: ಘಟಪ್ರಭಾ ದಂಡೆಯ ಮೇಲೆ ನಮ್ಮದು 5 ಎಚ್‌ಪಿ ಮೊನೊಬ್ಲಾಕ್ ಪಂಪ್‌ಸೆಟ್ ಇದೆ. ಕಬ್ಬಿಗೆ ನೀರು ಹಾಯಿಸುತ್ತೇವೆ. ದೀಪಾವಳಿ ತನಕ ಪೈಪ್ ತುಂಬ ನೀರು. ಮಾರ್ಚ್ ಬಂತೆಂದರೆ ಅರ್ಧಕ್ಕಿಳಿಯುತ್ತದೆ, ಒಳಗೆ ಹರಳು ಉರುಳಿದಂಥ ಸದ್ದು. ಒಮ್ಮೊಮ್ಮೆ ಸ್ವಲ್ಪ ಹೊತ್ತು ಎತ್ತಿ ನಿಂತೇಬಿಡುತ್ತದೆ. ಹೋದ ವರ್ಷ ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ರೆಕ್ಕೆಗಳ ಚಕ್ರ) ಹೊಸದು ಹಾಕಿಸಿದೆವು, ಈ ವರ್ಷವೂ ಅದೇ ಕಥೆ. ಪಂಪನ್ನೇ ಬದಲಾಯಿಸಬೇಕಾ? (ಮುಧೋಳ ತಾಲೂಕಿನ ರೈತರು)

ಉತ್ತರ: ಬೇಡ. ಸವೆದ ಇಂಪೆಲ್ಲರ್ ಮಳೆಗಾಲ ಬಂತು ಅಂತ ತಾನೇ ಸರಿಹೋಗುವುದಿಲ್ಲ, ಅಲ್ವಾ? ನಿಮ್ಮ ಪಂಪು ಸರಿಯಾಗೇ ಇದೆ. ಹೊಳೆ ಕೆಳಗಿಳಿದಿದೆ, ಪಂಪು ಮೇಲೇ ಉಳಿದಿದೆ.

ಪಂಪು ನೀರನ್ನು ಎಳೆಯುತ್ತದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಅದು ಇಂಪೆಲ್ಲರ್ ಬಾಯಲ್ಲಿ ಒತ್ತಡ ಕಡಿಮೆ ಮಾಡುತ್ತದೆ ಅಷ್ಟೇ, ಹೊಳೆಯ ಮೇಲಿನ ಗಾಳಿಯ ಒತ್ತಡ ನೀರನ್ನು ಪೈಪಿನೊಳಗೆ ಮೇಲಕ್ಕೆ ದೂಡುತ್ತದೆ. ಆ ಗಾಳಿಗೆ ಸಮುದ್ರಮಟ್ಟದಲ್ಲೇ 10.3 ಮೀಟರ್‌ಗಿಂತ ಜಾಸ್ತಿ ದೂಡಲು ಆಗುವುದಿಲ್ಲ. ನಮ್ಮ ನೆಲ ಅದಕ್ಕಿಂತ 500 ಮೀಟರ್‌ಗೂ ಮೇಲಿದೆ, ಅಲ್ಲೇ ಅರ್ಧ ಮೀಟರ್ ಹೋಯಿತು. ಪೈಪು, ಬೆಂಡು, ಪೈಪಿನ ಕೆಳತುದಿಯಲ್ಲಿ ನೀರು ವಾಪಸ್ ಇಳಿಯದಂತೆ ಹಿಡಿಯುವ ಫುಟ್‌ವಾಲ್ವ್ ತಿನ್ನುವುದು ಬೇರೆ. ಕೈಗೆ ಸಿಗುವುದು 6 ಮೀಟರ್, ಅಂದರೆ 20 ಅಡಿ ಅಂತ ಇಟ್ಟುಕೊಳ್ಳಿ.

ಮೊದಲು ಎತ್ತರ ಅಳೆಯಿರಿ. ದಂಡೆ ಇಳಿಜಾರು, ಪೈಪಿನ ಉದ್ದ ಅಳೆದರೆ ಲೆಕ್ಕ ತಪ್ಪುತ್ತದೆ. ಗೌಂಡಿಗಳ ಲೆವೆಲ್ ಪೈಪ್ ತಂದು, ನೀರಿನಿಂದ ಪಂಪಿನ ನಡುಮಟ್ಟದ ತನಕ ನೇರ ಎತ್ತರ ನೋಡಿ. 20 ಅಡಿ ದಾಟಿದ್ದರೆ ಕಾರಣ ಅದೇ. ಹರಳಿನ ಸದ್ದೂ ಅಲ್ಲಿಂದಲೇ: ಒತ್ತಡ ತೀರಾ ಇಳಿದಾಗ ತಣ್ಣೀರೇ ಆವಿಯಾಗಿ ಗುಳ್ಳೆ ಏಳುತ್ತದೆ, ಆ ಗುಳ್ಳೆಗಳು ಮುಂದೆ ಒಡೆಯುವಾಗ ಲೋಹವನ್ನು ಕಿತ್ತು ತಿನ್ನುತ್ತವೆ. ತೆಗೆಸಿದ ಹಳೆಯ ಇಂಪೆಲ್ಲರ್ ಮನೆಯಲ್ಲಿದ್ದರೆ ಬೆಳಕಿಗೆ ಹಿಡಿದು ನೋಡಿ, ನೀರು ಒಳಬರುವ ಕಡೆ, ರೆಕ್ಕೆಗಳ ಬುಡದಲ್ಲಿ ಸಣ್ಣ ಸಣ್ಣ ಗುಂಡಿ ಬಿದ್ದಿರಬಹುದು. ಹೊಸದನ್ನೂ ಅದು ಬಿಡುವುದಿಲ್ಲ. ಸದ್ಯಕ್ಕೆ ನೀರು ಹೊರಹೋಗುವ ಡೆಲಿವರಿ ಕಡೆಯ ವಾಲ್ವನ್ನು ಸದ್ದು ತಗ್ಗುವಷ್ಟು ಮುಚ್ಚಿ ಓಡಿಸಿ. ನೀರು ಒಳಬರುವ ಸಕ್ಷನ್ ಕಡೆ ಮಾತ್ರ ಏನನ್ನೂ ಬಿಗಿ ಮಾಡಬೇಡಿ.

ಹಿಡಕಲ್ ಅಣೆಕಟ್ಟಿನಿಂದ ನೀರು ಬಿಟ್ಟರೆ ಮೋಟಾರು ಮುಳುಗುತ್ತದೆ ಅಂತ ಎಲ್ಲರೂ ಪಂಪನ್ನು ದಂಡೆಯ ತುದಿಗೆ ಕೂರಿಸುತ್ತಾರೆ. ಆ ಭಯ ಸರಿಯೇ. ಅದಕ್ಕೇ ಎರಡು ಕಟ್ಟೆ ಕಟ್ಟಿಸಿ, ಮೇಲೊಂದು, ಕೆಳಗೊಂದು. ಬೇಸಿಗೆಗೆ ಕೆಳಗಿಳಿಸಿ, ಮಳೆ ಹತ್ತುವ ಮೊದಲೇ ಮೇಲೆ ತನ್ನಿ. ಕೇಬಲ್, ಅರ್ಥಿಂಗ್ ಕೆಲಸ ವೈರ್‌ಮನ್‌ಗೆ ಬಿಡಿ.

ಇನ್ನು ನಡುವೆ ನಿಂತುಬಿಡುವ ವಿಷಯ. ನೀರು ತುಂಬಿಸಿ, ಪಂಪು ಚಾಲೂ ಮಾಡದೆ ಸ್ವಲ್ಪ ಹೊತ್ತು ಕಾಯಿರಿ. ಮಟ್ಟ ಇಳಿದರೆ ಬಹುತೇಕ ಫುಟ್‌ವಾಲ್ವ್ ಹಿಡಿಯುತ್ತಿಲ್ಲ, ಕಸ ಸಿಕ್ಕಿರಬೇಕು ಇಲ್ಲವೇ ವಾಷರ್ ಹೋಗಿರಬೇಕು. ಇಳಿಯದಿದ್ದರೆ ಓಡುವಾಗ ಎಲ್ಲೋ ಗಾಳಿ ಹೊಗುತ್ತಿದೆ. ಓಡುವಾಗ ಸಕ್ಷನ್ ಪೈಪಿನ ತೂತು ಹೊರಗೆ ಸೋರುವುದಿಲ್ಲ, ಒಳಗೆ ಗಾಳಿ ಎಳೆದುಕೊಳ್ಳುತ್ತದೆ, ಹಾಗಾಗಿ ಕಣ್ಣಿಗೆ ಕಾಣುವುದಿಲ್ಲ. ಊದುಬತ್ತಿ ಹಚ್ಚಿ ಒಂದೊಂದು ಜಾಯಿಂಟಿನ ಹತ್ತಿರ ಹಿಡಿಯಿರಿ. ಹೊಗೆ ಎಲ್ಲಿ ಒಳಗೆ ಹೋಗುತ್ತದೋ ಅಲ್ಲೇ ಪ್ಯಾಕಿಂಗ್ ಬದಲಾಯಿಸಿ. ಸಕ್ಷನ್ ಪೈಪು ಪಂಪಿನ ತನಕ ಏರುತ್ತಲೇ ಬರಬೇಕು, ನಡುವೆ ಗೂನು ಬಿದ್ದರೆ ಅಲ್ಲಿ ಗಾಳಿ ಕೂರುತ್ತದೆ. ಫುಟ್‌ವಾಲ್ವ್ ಮೇಲೆ ಕನಿಷ್ಠ ಎರಡಡಿ ನೀರಿರಲಿ. ನೀರು ಅಲ್ಲಿ ಸುಳಿ ತಿರುಗುತ್ತಿದ್ದರೆ ಆ ಸುಳಿಯಿಂದಲೂ ಗಾಳಿ ಹೋಗುತ್ತದೆ.

ಪ್ರಶ್ನೆ: ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಬದಲಾಯಿಸಿದ ಮೇಲೆ ಬಾವಿಯ ಪಂಪು ಓಡುತ್ತದೆ, ಆದರೆ ನೀರು ತೀರಾ ಕಡಿಮೆ. (ಇಂಡಿ ತಾಲೂಕಿನ ಓದುಗರು)

ಉತ್ತರ: ಫೇಸ್ ಅದಲುಬದಲಾಗಿ ಮೋಟಾರು ಉಲ್ಟಾ ತಿರುಗುತ್ತಿರಬೇಕು. ಈ ಪಂಪು ಉಲ್ಟಾ ತಿರುಗಿದರೂ ನೀರು ವಾಪಸ್ ಹೋಗುವುದಿಲ್ಲ, ಅಷ್ಟಿಷ್ಟು ಬರುತ್ತಲೇ ಇರುತ್ತದೆ, ಅದಕ್ಕೇ ಸಂಶಯ ಬರುವುದಿಲ್ಲ. ಪಂಪಿನ ಮೈಮೇಲಿನ ಬಾಣದ ಗುರುತು ನೋಡಿ. ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತಿಟ್ಟುಕೊಂಡು, ಸ್ಟಾರ್ಟರ್‌ನಿಂದ ಮೋಟಾರಿಗೆ ಹೋಗುವ ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸಾಕು.

ಪ್ರಶ್ನೆ: ಪಂಪಿನಿಂದ ಶಾಫ್ಟ್ ಹೊರಬರುವ ಕಡೆಯ ಗ್ಲ್ಯಾಂಡಿನಿಂದ ಹನಿ ಬೀಳುತ್ತದೆ. ಪೂರ್ತಿ ಬಿಗಿ ಮಾಡಿದರೆ ಶಾಫ್ಟ್ ಕಾಯುತ್ತದೆ. (ರಾಯಬಾಗದ ಓದುಗರು)

ಉತ್ತರ: ಹನಿ ಬೀಳಬೇಕು. ಆ ನೀರೇ ಶಾಫ್ಟಿನ ಸುತ್ತ ತುಂಬಿದ ಗ್ಲ್ಯಾಂಡ್ ದಾರವನ್ನು ತಂಪಾಗಿಡುತ್ತದೆ. ನಿಮಿಷಕ್ಕೆ 40ರಿಂದ 60 ಹನಿ ಬಿದ್ದರೆ ಸುಮ್ನೆ ಬಿಡಿ. ಧಾರೆಯಾಗಿ ಸುರಿದರೆ ಹಳೆಯ ದಾರ ಪೂರ್ತಿ ಕಿತ್ತು ಹೊಸದು ಹಾಕಿ. ಹಳೆಯದರ ಮೇಲೆ ಇನ್ನೊಂದು ಸುತ್ತು ತುರುಕಬೇಡಿ. ಶಾಫ್ಟಿಗೆ ಸುತ್ತಿ ಅಳತೆ ತೆಗೆದು, ಉಂಗುರ ಉಂಗುರವಾಗಿ ಕತ್ತರಿಸಿ, ಒಂದರ ಕೊರೆ ಇನ್ನೊಂದರ ಮೇಲೆ ಬರದಂತೆ ಕೂರಿಸಿ. ಎರಡೂ ನಟ್ಟನ್ನು ಮೊದಲು ಕೈಬಿಗಿಗೆ ಇಟ್ಟು ಪಂಪು ಓಡಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಸಮನಾಗಿ ಬಿಗಿ ಮಾಡುತ್ತ ಬನ್ನಿ. ಪಂಪಿನಲ್ಲಿ ದಾರದ ಬದಲು ಮೆಕ್ಯಾನಿಕಲ್ ಸೀಲ್ ಇದ್ದರೆ ಮಾತ್ರ ಈ ಲೆಕ್ಕ ಬೇರೆ: ಅಲ್ಲಿ ಹನಿ ಬೀಳತೊಡಗಿದರೆ ಸೀಲ್ ಹೋಗಿದೆ ಅಂತಲೇ ಅರ್ಥ, ಬಿಗಿ ಮಾಡಲು ಅಲ್ಲೇನೂ ಇಲ್ಲ, ಹೊಸದೇ ಹಾಕಿಸಬೇಕು.